ಚಿಮುಟದ ಗೀರು

1962ರ ಮಾರ್ಚ್ 1ರಂದು ನ್ಯೂಯಾರ್ಕ್ ನಗರ ಗಗನಯಾತ್ರಿ ಜಾನ್ ಗ್ಲೆನ್‌ ಅವರ ಮೆರವಣಿಗೆಯ ಸಂಭ್ರಮದಲ್ಲಿತ್ತು. ಭೂಮಿಯನ್ನು ಮೂರು ಸುತ್ತು ಹಾಕಿ ಬಂದವರನ್ನು ನೋಡಲು ಬೀದಿಗಳಲ್ಲಿ ಜನ ಕಿಕ್ಕಿರಿದಿದ್ದರು. ಅದೇ ಬೆಳಿಗ್ಗೆ 10:07ಕ್ಕೆ, ಇಂದು ಜೆಎಫ್‌ಕೆ ಎಂದು ಕರೆಯುವ ಐಡಲ್‌ವೈಲ್ಡ್ ನಿಲ್ದಾಣದಿಂದ ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 707 ಲಾಸ್ ಏಂಜಲೀಸ್‌ಗೆ ಹೊರಟಿತು. ಎರಡು ನಿಮಿಷ ಕಳೆಯುವ ಮೊದಲೇ ಅದು ಜಮೈಕಾ ಕೊಲ್ಲಿಯ ಆಳವಿಲ್ಲದ ನೀರಿಗೆ ಮೂತಿ ಕೆಳಗಾಗಿ ಅಪ್ಪಳಿಸಿತು. ಒಳಗಿದ್ದ 95 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಮುಂದೆ ಲಿಂಡಾ ಮೆಕಾರ್ಟ್ನಿ ಎಂದು ಹೆಸರಾದ ಛಾಯಾಗ್ರಾಹಕಿಯ ತಾಯಿ ಲೂಯಿಸ್ ಈಸ್ಟ್‌ಮನ್ ಆ ವಿಮಾನದಲ್ಲಿದ್ದರು. ಪ್ರದರ್ಶನಕ್ಕೆಂದು ಸಾಗಿಸುತ್ತಿದ್ದ ಕಲಾವಿದ ಅರ್ಶಿಲ್ ಗೋರ್ಕಿಯ 15 ಚಿತ್ರಗಳೂ ನಾಶವಾದವು.

ಹವೆ ಚೆನ್ನಾಗಿತ್ತು. ಪೈಲಟ್‌ಗಳು ಅನುಭವಿಗಳು. ಮನೆಗಳ ಮೇಲೆ ಜೆಟ್ ಸದ್ದು ಬೀಳದಿರಲೆಂದು ಏರಿದ ಕೂಡಲೇ ಎಡಕ್ಕೆ ಹೊರಳುವುದು ಅಲ್ಲಿನ ಕ್ರಮ. ಆ ತಿರುವಿನಲ್ಲಿ ವಿಮಾನ ವಾಲಿದ್ದು ವಾಲುತ್ತಲೇ ಹೋಗಿ ಕೊನೆಗೆ ಮಗುಚಿಕೊಂಡಿತು.

707ರಂಥ ಹಿಂಬಾಗಿದ ರೆಕ್ಕೆಯ ವಿಮಾನಗಳು ಗಾಳಿಯಲ್ಲಿ ಬಾಲ ಆಡಿಸುತ್ತ ಹೊಯ್ದಾಡುತ್ತವೆ. ಅದನ್ನು ತಡೆಯಲು ಆಟೊಪೈಲಟ್ ವ್ಯವಸ್ಥೆಯಲ್ಲಿ ಸರ್ವೊ ಎಂಬ ಚಿಕ್ಕ ಮೋಟಾರು ಘಟಕವಿದ್ದು, ಅದು ಬಾಲದ ಚುಕ್ಕಾಣಿಯನ್ನು, ಅಂದರೆ ರಡ್ಡರನ್ನು, ತಾನಾಗಿಯೇ ಅತ್ತಿತ್ತ ಸರಿಸುತ್ತದೆ. ಅದರೊಳಗಿನ ತಂತಿಗಳು ಒಂದಕ್ಕೊಂದು ತಗುಲಿದರೆ ಯಾರೂ ಕೊಡದ ಆಜ್ಞೆ ಚುಕ್ಕಾಣಿಗೆ ತಲುಪಬಹುದು. ಚುಕ್ಕಾಣಿ ಎಡಕ್ಕೆ ಸರಿದರೆ ಮೂತಿ ಎಡಕ್ಕೆ ಹೊರಳುತ್ತದೆ. ಮುಂದೆ ಚಾಚಿಕೊಂಡ ಬಲರೆಕ್ಕೆಗೆ ಎತ್ತುವ ಬಲ ಹೆಚ್ಚಿ ವಿಮಾನ ಇನ್ನಷ್ಟು ಎಡಕ್ಕೆ ಉರುಳುತ್ತದೆ. ಹೇಗೂ ಎಡಕ್ಕೇ ವಾಲಿಸುತ್ತಿದ್ದವರಿಗೆ ಇದರಲ್ಲಿ ತಮ್ಮ ಕೈಯದೆಷ್ಟು, ಯಂತ್ರದ್ದೆಷ್ಟು ಎಂದು ತಿಳಿಯಲು ಸಿಕ್ಕಿದ್ದು ಕೆಲವೇ ಕ್ಷಣ. ನೆಲವೂ ದೂರವಿರಲಿಲ್ಲ.

ಅಪಘಾತದ ತನಿಖೆ ನಡೆಸಿದ ಸಿವಿಲ್ ಏರೊನಾಟಿಕ್ಸ್ ಬೋರ್ಡ್‌ನವರು ಅವಶೇಷಗಳಿಗಷ್ಟೇ ಅಂಟಿಕೊಳ್ಳದೆ ಸರ್ವೊ ತಯಾರಾಗುವ ಜಾಗಕ್ಕೇ ಹೋದರು. ಈ ಇಡೀ ಕಥೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ಹೆಜ್ಜೆ ಅದು. ನ್ಯೂಜೆರ್ಸಿಯ ಟೆಟರ್‌ಬರೊದಲ್ಲಿ ಬೆಂಡಿಕ್ಸ್ ಕಂಪನಿಯ ಕೆಲಸಗಾರರು ತಂತಿಗಳ ಕಂತೆ ಕಟ್ಟಲು ಚಿಮುಟ ಬಳಸುತ್ತಿದ್ದರು. ಅದರ ಮೊನೆ ತಂತಿಯ ಹೊದಿಕೆಯನ್ನು ಗೀರುತ್ತಿತ್ತು. ಆ ಕೆಲಸಗಾರರನ್ನು ದೂರಲು ನನಗೆ ಮನಸ್ಸು ಬಾರದು. ಇಕ್ಕಟ್ಟಾದ ಜಾಗದಲ್ಲಿ ಬೆರಳು ಹೋಗದಿದ್ದಾಗ ಚಿಮುಟ ಹಿಡಿಯುವುದು ಸಹಜ. ಆ ಸಲಕರಣೆ ತಂತಿಗೆ ಏನು ಮಾಡುತ್ತದೆಂದು ನೋಡಬೇಕಾದವರು ಮೇಲಿನವರು.

ಮಂಡಳಿಯ ವರದಿ 1963ರಲ್ಲಿ ಬಂತು. ಚುಕ್ಕಾಣಿ ವ್ಯವಸ್ಥೆಯ ದೋಷದಿಂದ ವಿಮಾನ ಹತೋಟಿ ತಪ್ಪಿತು, ತಯಾರಿಕೆಯಲ್ಲೇ ಗಾಯಗೊಂಡ ತಂತಿಗಳ ಶಾರ್ಟ್ ಸರ್ಕ್ಯೂಟ್ ಅದಕ್ಕೆ ಅತ್ಯಂತ ಸಂಭವನೀಯ ಕಾರಣ ಎಂದಿತು. ಬೆಂಡಿಕ್ಸ್ ಒಪ್ಪಲಿಲ್ಲ. ತಯಾರಿಕೆಯ ಹಂತದಲ್ಲೇ ಪ್ರತಿ ಘಟಕವೂ 61 ತಪಾಸಣೆಗಳನ್ನು ದಾಟುತ್ತದೆ, ಹೊದಿಕೆ ಹರಿದಿದ್ದರೆ ಗೊತ್ತಾಗದೆ ಇರುತ್ತಿರಲಿಲ್ಲ ಎಂದು ವಾದಿಸಿತು.

ಆ 61ರ ಲೆಕ್ಕವೇ ನನ್ನನ್ನು ಕಾಡುತ್ತದೆ. ಘಟಕ ಇಂದು ಕೆಲಸ ಮಾಡುತ್ತದೆಯೇ ಎಂದು ಕೇಳುವ ಪರೀಕ್ಷೆಯಲ್ಲಿ ಅರೆಗೀರಿದ ತಂತಿ ಪಾಸಾಗಿಬಿಡುತ್ತದೆ, ಏಕೆಂದರೆ ಇಂದು ಅದು ಕೆಲಸ ಮಾಡುತ್ತದೆ. ಎಷ್ಟೋ ಹಾರಾಟಗಳ ಅದುರಾಟದ ನಂತರ ಹೊದಿಕೆ ಸವೆದು ಲೋಹ ಲೋಹಕ್ಕೆ ತಗುಲುವ ಗಳಿಗೆ ಪರೀಕ್ಷಕರ ಮೇಜಿನ ಮೇಲೆ ಬರುವುದಿಲ್ಲ. ಗಾಯ ಎಲ್ಲಿ, ಯಾವ ಕೈಯಿಂದ ಆಗುತ್ತದೆ ಎಂಬುದು ಕಟ್ಟುವಾಗ ಪಕ್ಕದಲ್ಲಿ ನಿಂತವರಿಗಷ್ಟೇ ಕಂಡೀತು. ಬೆಂಗಳೂರು, ಬೆಳಗಾವಿಯ ಕಾರ್ಖಾನೆಗಳಿಂದಲೂ ಇಂದು ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಭಾಗಗಳು ಹೋಗುತ್ತಿವೆ. ಅಲ್ಲಿ ದುಡಿಯುವವರಿಗೂ ಅವರ ಮೇಲ್ವಿಚಾರಕರಿಗೂ ಟೆಟರ್‌ಬರೊದ ಈ ಪ್ರಕರಣವನ್ನು ಮೊದಲ ವಾರದಲ್ಲೇ ಹೇಳಿಕೊಡಬೇಕೆಂದು ನನ್ನಾಸೆ.