ಯಂತ್ರದ ಅಟ್ಟಣಿಗೆಗೆ ಎಷ್ಟು ಎತ್ತರದ ರೇಲಿಂಗ್ ಬೇಕು?

ಬೆಂಗಳೂರಿನ ಮಹದೇವಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದರೆ, ದೊಡ್ಡ ಯಂತ್ರಗಳ ಪಕ್ಕದಲ್ಲಿ ನಿಂತಿರುವ ಕಬ್ಬಿಣದ ಅಟ್ಟಣಿಗೆಗಳನ್ನು ಗಮನಿಸಿ. ಮೋಟಾರಿಗೆ ಗ್ರೀಸ್ ಹಾಕಲು, ಬಾಯ್ಲರಿನ ಕವಾಟ ತಿರುಗಿಸಲು, ತೊಟ್ಟಿಯ ಮಟ್ಟ ನೋಡಲು ಕೆಲಸಗಾರರು ಇವುಗಳನ್ನು ಹತ್ತುತ್ತಾರೆ. ಕೆಲಸ ಐದೇ ನಿಮಿಷದ್ದಾದರೂ ಬಿದ್ದರೆ ಪೆಟ್ಟು ಕಡಿಮೆಯಾಗುವುದಿಲ್ಲ. 2 ಮೀಟರ್ ಎತ್ತರದಿಂದ ಜಾರಿದವನು 0.64 ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು 22 ಕಿ.ಮೀ.

1948ರ ಕಾರ್ಖಾನೆಗಳ ಕಾಯ್ದೆಯ 32ನೇ ಕಲಮು, ಕೆಲಸದ ಪ್ರತಿಯೊಂದು ಜಾಗಕ್ಕೂ ಸುರಕ್ಷಿತ ದಾರಿ ಇರಬೇಕು, ಬೀಳುವ ಸಂಭವವಿರುವ ಎತ್ತರದಲ್ಲಿ ತಡೆ ಇರಬೇಕು ಎಂದಿತ್ತು. 2025ರ ನವೆಂಬರ್ 21ರಂದು ಅದರ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. ಕೆಲಸದ ಸ್ಥಳವನ್ನು ಅಪಾಯಮುಕ್ತವಾಗಿಡುವುದು ಮಾಲೀಕನ ಕರ್ತವ್ಯ ಎನ್ನುತ್ತದೆ ಈ ಸಂಹಿತೆ. ಆದರೆ ತಡೆ ಎಷ್ಟು ಎತ್ತರವಿರಬೇಕು, ನೆಲ ಎಷ್ಟು ಭಾರ ಹೊರಬೇಕು ಎಂಬ ಅಂಕೆಗಳು ಮಾನಕಗಳಲ್ಲಿ ಸಿಗುತ್ತವೆ. ಯಂತ್ರಗಳ ಅಟ್ಟಣಿಗೆ, ಮೆಟ್ಟಿಲು, ಏಣಿಗಳಿಗೆ ಸಂಬಂಧಿಸಿದ ಅಂತಾರಾಷ್ಟ್ರೀಯ ಮಾನಕ ಐಎಸ್‌ಒ 14122. ಅದರ ಅಂಕೆಗಳ ಹಿಂದೆ ಶಾಲೆಯ ಭೌತಶಾಸ್ತ್ರವೇ ಇದೆ.

ಬೀಳಬಹುದಾದ ಎತ್ತರ 500 ಮಿ.ಮೀ. ಮೀರಿದರೆ ರೇಲಿಂಗ್ ಬೇಕು. ಅದರ ಎತ್ತರ ಕನಿಷ್ಠ 1,100 ಮಿ.ಮೀ. ಇಷ್ಟೇ ಏಕೆ? ನಿಂತ ಮನುಷ್ಯನ ಗುರುತ್ವಕೇಂದ್ರ ಅವನ ಎತ್ತರದ ಶೇ. 55ರ ಆಸುಪಾಸಿನಲ್ಲಿರುತ್ತದೆ. 170 ಸೆಂ.ಮೀ. ಎತ್ತರದವನಿಗೆ ಇದು ಸುಮಾರು 94 ಸೆಂ.ಮೀ. ಕಂಬಿ ಇದಕ್ಕಿಂತ ಕೆಳಗಿದ್ದರೆ, ಆಯತಪ್ಪಿದ ದೇಹ ಕಂಬಿಯನ್ನೇ ಆಧಾರಬಿಂದು ಮಾಡಿಕೊಂಡು ಆಚೆಗೆ ಉರುಳುತ್ತದೆ. ಮೇಲಿದ್ದರೆ ಒಳಕ್ಕೇ ತಡೆಯುತ್ತದೆ. ಹಾಗಾಗಿ ಅಟ್ಟಣಿಗೆಯ ಮೇಲೆ 30 ಸೆಂ.ಮೀ. ಎತ್ತರದ ಡಬ್ಬ ಇಟ್ಟು ನಿಂತರೆ ರೇಲಿಂಗ್ 80 ಸೆಂ.ಮೀ.ಗೆ ಇಳಿದಂತೆಯೇ. ತಡೆ ಇದೆ ಎಂಬ ಧೈರ್ಯವಷ್ಟೇ ಉಳಿಯುತ್ತದೆ.

ಮೇಲಿನ ಕಂಬಿಯೊಂದೇ ಸಾಲದು. ಕುಳಿತು ಕೆಲಸ ಮಾಡುವವನು ಅದರ ಕೆಳಗೆ ನುಸುಳಿ ಬೀಳಬಹುದು. ಅದಕ್ಕೆ ನಡುವೆ ಇನ್ನೊಂದು ಕಂಬಿ ಬೇಕು. ಕಂಬಿಗಳ ನಡುವಣ ತೆರಪು 500 ಮಿ.ಮೀ. ಮೀರಬಾರದು. ಅಂಚಿನ ಬುಡದಲ್ಲಿ 100 ಮಿ.ಮೀ. ಎತ್ತರದ ಪಟ್ಟಿ ಇರಬೇಕು. ಟೋ ಬೋರ್ಡ್ ಎನ್ನುವ ಈ ಪಟ್ಟಿ ಕೆಳಗಿರುವವರ ರಕ್ಷಣೆಗೆ. ಅರ್ಧ ಕಿಲೋದ ಸ್ಪ್ಯಾನರ್ 5 ಮೀಟರ್ ಬಿದ್ದರೆ ಅದರ ಚಲನಶಕ್ತಿ ಸುಮಾರು 25 ಜೂಲ್. ಅದು ತಲೆಯ ಮೇಲೆ ಬಿದ್ದರೆ ಏನಾದೀತು?

ನೆಲ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿ.ಗ್ರಾಂ. ಭಾರ ಹೊರಬೇಕು. ಹೊತ್ತಾಗ ಅದು ಆಧಾರಗಳ ನಡುವಣ ಅಂತರದ 200ನೇ ಒಂದು ಭಾಗಕ್ಕಿಂತ ಹೆಚ್ಚು ಬಾಗಬಾರದು. ಎಂದರೆ 2 ಮೀಟರಿಗೆ 10 ಮಿ.ಮೀ. ಕೆಳಗೆ ಜನ ಕೆಲಸ ಮಾಡುವ ಕಡೆ ನೆಲದ ಜಾಲರಿಯಲ್ಲಿ 20 ಮಿ.ಮೀ. ವ್ಯಾಸದ ಗುಂಡು ತೂರಬಾರದು. ಏಣಿ ಬಂದು ಸೇರುವಲ್ಲಿ ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಬೇಕು. ಅದು ಹೊರಕ್ಕೆ ತೆರೆಯುವಂತಿದ್ದರೆ ಒರಗಿದವನು ಏಣಿಯ ಕಡೆಗೇ ಬೀಳುತ್ತಾನೆ.

ಡ್ರಮ್ಮು, ಸ್ಟೂಲು, ಫೋರ್ಕ್‌ಲಿಫ್ಟಿನ ಮೇಲಿಟ್ಟ ಹಲಗೆ, ಇವು ಯಾವುವೂ ಅಟ್ಟಣಿಗೆಗಳಲ್ಲ. ಈ ಪರೀಕ್ಷೆಗಳಲ್ಲಿ ಒಂದನ್ನೂ ಅವು ದಾಟುವುದಿಲ್ಲ.

ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಿ. 2 ಮೀಟರ್ ಉದ್ದದ ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದನ್ನು ತೂಕದ ಯಂತ್ರದ ಮೇಲೂ ಸಮಮಟ್ಟದಲ್ಲಿಡಿ. ಪಾದ ಇಟ್ಟಿಗೆಯ ತುದಿಗೆ ಸರಿಯಾಗಿ ಬರುವಂತೆ ವಿದ್ಯಾರ್ಥಿ ಮಲಗಲಿ. ಹಲಗೆಯ ಪಾಲನ್ನು ಕಳೆದ ಮೇಲೆ ಯಂತ್ರ 28 ಕಿ.ಗ್ರಾಂ. ತೋರಿಸಿ, ವಿದ್ಯಾರ್ಥಿಯ ತೂಕ 60 ಕಿ.ಗ್ರಾಂ. ಆಗಿದ್ದರೆ, ಗುರುತ್ವಕೇಂದ್ರ ಪಾದದಿಂದ 28 × 2 ÷ 60, ಅಂದರೆ 0.93 ಮೀಟರ್ ದೂರದಲ್ಲಿದೆ. ಬಳಿಕ ಶಾಲೆಯ ಮಹಡಿಯ ಕಟಕಟೆಯನ್ನು ಅಳೆಯಿರಿ. ಅದು ಈ ಅಂಕೆಗಿಂತ ಮೇಲಿದೆಯೇ?