ಸಣ್ಣ ಹೊಲದ ಹೆಚ್ಚಿನ ಇಳುವರಿ

ಪ್ರಶ್ನೆ: ದೊಡ್ಡ ಜಮೀನಿಗಿಂತ ಸಣ್ಣ ಜಮೀನಿನಲ್ಲಿ ಎಕರೆವಾರು ಉತ್ಪನ್ನ ಹೆಚ್ಚೆನ್ನುವುದು ನಿಜವೇ?

ಉತ್ತರ: ಭಾರತದಲ್ಲಿ 1950ರ ದಶಕದ ಕೃಷಿ ನಿರ್ವಹಣಾ ಸಮೀಕ್ಷೆಗಳು ಹಾಗೆಯೇ ತೋರಿಸಿದ್ದವು, 1962ರಲ್ಲಿ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು ಇದಕ್ಕೊಂದು ವಿವರಣೆ ನೀಡಿದರು. ಕೂಲಿಯಾಳುಗಳನ್ನು ನೆಚ್ಚಿದ ಜಮೀನುದಾರನು, ಇನ್ನೊಂದು ದಿನದ ದುಡಿಮೆಯಿಂದ ದೊರೆಯುವ ಹೆಚ್ಚುವರಿ ಫಸಲಿನ ಬೆಲೆ, ಅಂದರೆ ಶ್ರಮದ ಸೀಮಾಂತ ಉತ್ಪನ್ನ, ಕೂಲಿಯ ದರಕ್ಕಿಂತ ಕೆಳಗಿಳಿದೊಡನೆ ಕೆಲಸ ನಿಲ್ಲಿಸುತ್ತಾನೆ. ಬೇರೆಡೆ ಕೆಲಸ ಸಿಗದ ಸಣ್ಣ ರೈತನ ಕುಟುಂಬವಾದರೋ ಅದಕ್ಕಿಂತ ಕಡಿಮೆ ಪ್ರತಿಫಲಕ್ಕೂ ಕಳೆ ಕೀಳುತ್ತ, ಗೊಬ್ಬರ ಹೊರುತ್ತ ದುಡಿಯುವುದರಿಂದ ಎಕರೆಯ ಇಳುವರಿ ಏರುತ್ತದೆ. ಆದರೆ ಇದನ್ನು ದಕ್ಷತೆಯೆಂದು ಕೊಂಡಾಡುವುದು ಅವಸರದ ಮಾತು: ಮನೆಮಂದಿಯ ದುಡಿಮೆಗೂ ಮಾರುಕಟ್ಟೆಯ ಕೂಲಿ ಕಟ್ಟಿ ನೋಡಿದರೆ ಇಂಥ ಅನೇಕ ಹಿಡುವಳಿಗಳ ಲೆಕ್ಕ ನಷ್ಟದಲ್ಲಿ ನಿಲ್ಲುತ್ತದೆ. ಫಲವತ್ತಾದ ಭೂಮಿಯೇ ಹೆಚ್ಚು ತುಂಡಾಗಿರುತ್ತದೆ, ಆದ್ದರಿಂದ ಇಳುವರಿಗೆ ಮಣ್ಣೇ ಕಾರಣವಿರಬಹುದೆಂಬ ಆಕ್ಷೇಪವೂ ಇದೆ. ಹಸಿರು ಕ್ರಾಂತಿಯ ನಂತರ ಕೊಳವೆಬಾವಿ, ರಸಗೊಬ್ಬರಗಳಿಗೆ ಬಂಡವಾಳ ಹೂಡಬಲ್ಲವರು ಮುಂದೆ ಬಂದು ಈ ಅಂತರ ಹಲವೆಡೆ ಕಿರಿದಾಯಿತು.