ನಲವತ್ತು ಪೀಸಿನ ಡಬ್ಬಿ, ಒಂದೇ ನಟ್ಟಿಗೆ ಸುಸ್ತು!

ದಾವಣಗೆರೆ: ಊರಲ್ಲಿ ಗಾಡಿ ಇಲ್ಲದ ಅಂಗಡಿಯವರು ಅಪರೂಪ. ಸೀಟಿನ ಕೆಳಗೆ ನೆಟ್ಟಗಿರುವ ಒಂದು ಸ್ಪ್ಯಾನರ್ ಇಟ್ಟುಕೊಂಡವರು ಅದಕ್ಕಿಂತ ಅಪರೂಪ!

ಮಂಡಿಪೇಟೆ ಕಡೆಯ ವ್ಯಾಪಾರಿಯೊಬ್ಬರ ಪಾಡು ಕೇಳಿ. ಮೊಪೆಡ್ಡಿನ ಮೇಲೆ ಹಳ್ಳಿ ಅಂಗಡಿಗಳಿಗೆ ಮಾಲು ಹಾಕುವವರು. ರಿಪೇರಿ ಖರ್ಚು ಉಳಿಸೋಣವೆಂದು ಫುಟ್‌ಪಾತಿನಲ್ಲಿ ಮುನ್ನೂರು ರೂಪಾಯಿ ಕೊಟ್ಟು ನಲವತ್ತು ಪೀಸಿನ ಡಬ್ಬಿ ತಂದರು. ಪಳಪಳ ಹೊಳೆಯುವ ಮಾಲು. ಹಿಂದಿನ ಚಕ್ರ ಬಿಚ್ಚಲು ಹೋದರೆ ನಟ್ಟು ಅಲುಗಲಿಲ್ಲ, ಸ್ಪ್ಯಾನರೇ ಬಾಯಿ ಬಿಟ್ಟಿತು. ಮತ್ತೆ ಒತ್ತಿದರು. ನಟ್ಟಿನ ಮೂಲೆಗಳೆಲ್ಲ ಸವೆದು ಗೋಲಿಯಂತಾಯಿತು. ಕೈ ಜಾರಿ ಗೆಣ್ಣು ಸುಲಿದದ್ದು ಬೇರೆ. ಗಾಡಿಯನ್ನು ಲಗೇಜ್ ಆಟೋಕ್ಕೆ ಹೇರಿಕೊಂಡು ಗ್ಯಾರೇಜಿಗೆ ಹೋದರು. ಅಲ್ಲಿ ಉಳಿ ಹೊಡೆದು ನಟ್ಟು ಸೀಳಿ ತೆಗೆದರು.

‘ಡಬ್ಬಿ ಅಗ್ಗಕ್ಕೆ ಸಿಕ್ತು ಅಂತ ಖುಷಿಪಟ್ಟಿದ್ದೆ ನೋಡ್ರಿ. ಎರಡು ದಿನ ಲೈನಿಗೆ ಹೋಗ್ಲಿಲ್ಲ. ಎರಡು ಹಳ್ಳಿ ಗಿರಾಕಿ ಬೇರೆಯವರ ಪಾಲಾದ್ರು’ ಎನ್ನುತ್ತಾರೆ.

ದೋಷವಿರುವುದು ಉಕ್ಕಿನಲ್ಲಿ. ಒಳ್ಳೆಯ ಸ್ಪ್ಯಾನರನ್ನು ಕ್ರೋಮ್ ವನೇಡಿಯಂ ಎಂಬ ಮಿಶ್ರ ಉಕ್ಕಿನಿಂದ ಬಡಿದು ಮಾಡಿ, ಕಾಯಿಸಿ ಹದ ಕೊಟ್ಟಿರುತ್ತಾರೆ. ಹದ ಕಡಿಮೆಯಾದರೆ ಬಾಯಿ ಅಗಲವಾಗುತ್ತದೆ. ಹೆಚ್ಚಾದರೆ ಪಟ್ಟನೆ ಮುರಿಯುತ್ತದೆ. ಹೊಳಪು ಮೇಲಿನ ಲೇಪದ್ದು. ಒಳಗಿನ ಗುಣ ಅದರಿಂದ ತಿಳಿಯುವುದಿಲ್ಲ. ಪಂಜಾಬಿನ ಜಲಂಧರ್, ಲೂಧಿಯಾನಗಳಲ್ಲಿ ಪರದೇಶಕ್ಕೆ ಕಳಿಸುವಂಥ ಸ್ಪ್ಯಾನರ್ ತಯಾರಾಗುತ್ತವೆ. ಹೀಗಿರುವಾಗ ನಮಗೇಕೆ ಈ ತಗಡಿನ ಡಬ್ಬಿ?

ನಲವತ್ತು ಪೀಸು ಯಾರಿಗೂ ಬೇಕಿಲ್ಲ. ಮೊದಲು ನಿಮ್ಮ ಗಾಡಿಯ ನಟ್ಟುಗಳ ಸೈಜು ನೋಡಿ ಚೀಟಿಯಲ್ಲಿ ಬರೆದುಕೊಳ್ಳಿ. ಬಹಳಷ್ಟು ಬೈಕುಗಳಲ್ಲಿ 8, 10, 12, 14, 17 ನಂಬರಿನವೇ ಹೆಚ್ಚು. ಒಂದು ಕಡೆ ರಿಂಗ್, ಇನ್ನೊಂದು ಕಡೆ ತೆರೆದ ಬಾಯಿ ಇರುವಂಥದ್ದನ್ನು ತಿಂಗಳಿಗೊಂದರಂತೆ ಕೊಂಡರೂ ಆಯಿತು. ಬಿಗಿಯಾದ ನಟ್ಟಿಗೆ ಯಾವಾಗಲೂ ರಿಂಗ್ ಕಡೆಯನ್ನೇ ಹಾಕಿ. ಅದು ಎಲ್ಲ ಮೂಲೆಯನ್ನೂ ಹಿಡಿಯುತ್ತದೆ, ತೆರೆದ ಬಾಯಿ ಹಿಡಿಯುವುದು ಎರಡು ಮಗ್ಗುಲು ಮಾತ್ರ. ಆದಷ್ಟೂ ನಿಮ್ಮ ಕಡೆಗೆ ಎಳೆಯಿರಿ, ಮುಂದಕ್ಕೆ ತಳ್ಳಬೇಡಿ. ಜಾರಿದರೆ ಗೆಣ್ಣು ಉಳಿಯುತ್ತದೆ.

ಸ್ಕ್ರೂ ಡ್ರೈವರಿನದು ಇನ್ನೊಂದು ಕಥೆ. 1980ರ ದಶಕದಲ್ಲಿ ಸುಜುಕಿ, ಹೋಂಡಾ, ಯಮಾಹಾ, ಕವಾಸಾಕಿ ಕಂಪನಿಗಳ ಕೂಡುವಿಕೆಯಿಂದ ನಮ್ಮ ದೇಶದಲ್ಲಿ ಬೈಕು ತಯಾರಾಗತೊಡಗಿದವು. ಜೊತೆಗೇ ಜಪಾನಿ ಅಳತೆಯ ಪ್ಲಸ್ ಸ್ಕ್ರೂಗಳೂ ಬಂದವು. ಇವನ್ನು ಜೆಐಎಸ್ ಎನ್ನುತ್ತಾರೆ. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ ಗುರುತಿಗೆ ಸಣ್ಣ ಚುಕ್ಕೆಯಿರುತ್ತದೆ. ಮಾಮೂಲಿ ಫಿಲಿಪ್ಸ್ ಡ್ರೈವರ್ ಅದರ ತಳಕ್ಕೆ ಸರಿಯಾಗಿ ಕೂರುವುದಿಲ್ಲ. ತಿರುಗಿಸಿದರೆ ಎದ್ದು ಬಂದು ತಲೆಯನ್ನು ಕೆತ್ತಿಹಾಕುತ್ತದೆ. ‘ಸ್ಕ್ರೂ ಜಾಮ್ ಆಗೈತಿ’ ಎಂದು ಬೈಯುವವರಲ್ಲಿ ಅರ್ಧ ಜನ ಡ್ರೈವರನ್ನು ಬೈಯಬೇಕಿತ್ತು!

ಇಷ್ಟಿದ್ದರೆ ಪ್ಲಗ್ ಬಿಚ್ಚುವುದು, ಚೈನ್ ಬಿಗಿ ಮಾಡುವುದು, ಬ್ಯಾಟರಿ ತಂತಿ ಶುಚಿ ಮಾಡುವುದು ಮನೆ ಮುಂದೆಯೇ ಆಗುತ್ತದೆ. ಪ್ಲಗ್ ಕೂರಿಸುವಾಗ ಇಂಜಿನ್ ತಣ್ಣಗಿರಲಿ. ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಹೆಡ್ಡು ಅಲ್ಯೂಮಿನಿಯಂ, ಥ್ರೆಡ್ ಹೋದರೆ ಜೇಬಿಗೆ ಕತ್ತರಿ. ಬ್ಯಾಟರಿಯಲ್ಲಿ ಮೊದಲು ಮೈನಸ್ ತಂತಿ ಬಿಚ್ಚಿ. ಬ್ರೇಕಿನ ತಂಟೆಗೆ ಮಾತ್ರ ಹೋಗಬೇಡಿ, ಜೀವದ ಪ್ರಶ್ನೆ. ಏಪ್ರಿಲ್ 2020ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಇಂಜಿನ್ ಲೈಟು ಹತ್ತಿ ಉಳಿದರೆ ಅದಕ್ಕೆ ಸ್ಕ್ಯಾನರ್ ಬೇಕು, ಸ್ಪ್ಯಾನರ್ ಸಾಲದು.

ಹೀಗೆಲ್ಲ ಬರೆದರೆ ಮೆಕ್ಯಾನಿಕ್‌ಗಳಿಗೆ ಸಿಟ್ಟು ಬಾರದೇ? ಪಿ.ಬಿ. ರಸ್ತೆಯ ಹಿರಿಯ ಮೇಸ್ತ್ರಿಯೊಬ್ಬರನ್ನು ಕೇಳಿದರೆ ನಕ್ಕರು. ‘ಬಿಚ್ಚೋರು ಬಿಚ್ಲಿ ಸಾರ್. ನಟ್ಟು ಸ್ಲಿಪ್ ಮಾಡ್ಕೊಂಡು ಮಾತ್ರ ಬರಬ್ಯಾಡ್ರಿ. ಬಿಚ್ಚೋಕೆ ಐದು ನಿಮಿಷ, ಕೆಟ್ಟದ್ದು ತೆಗೆಯೋಕೆ ಅರ್ಧ ದಿನ. ಅರ್ಧ ದಿನದ ಕೂಲಿ ಕೇಳಿದ್ರೆ ಜಗಳ!’

ಕೊಳ್ಳುವಾಗ ಒಂದು ಹೊಸ ನಟ್ಟು ಜೇಬಿನಲ್ಲಿರಲಿ, ಅಂಗಡಿಯಲ್ಲೇ ಹಾಕಿ ನೋಡಿ. ಲೊಡಲೊಡ ಎಂದರೆ ವಾಪಸ್ ಕೊಡಿ. ಹೆಸರಾಂತ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಮಾಡಿ ಕೆತ್ತಿದ ಮಾಲೂ ಇರುತ್ತದೆ, ಕಣ್ಣಿಟ್ಟು ಓದಿ. ಬಿಲ್ ಕೇಳಿ. ಮನೆಗೆ ಬಂದ ಮೇಲೆ ಹಿಡಿಗೆ ಕೆಂಪು ಬಣ್ಣ ಬಳಿದಿಡಿ. ‘ಒಂದ್ ನಿಮಿಷ ಕೊಡ್ರಿ’ ಎಂದು ಒಯ್ಯುವ ಪಕ್ಕದಂಗಡಿಯವರು ಎಲ್ಲ ಬೀದಿಯಲ್ಲೂ ಇದ್ದಾರೆ.